ಮುಖದ ಕಲೆ, ಬಂಗು, ಮಚ್ಚೆಗೆ ಲೇಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಸರ್ ಬಗ್ಗೆ ವಿಚಾರಿಸುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ "ಎಷ್ಟು ಸಿಟಿಂಗ್ ಬೇಕು?" ಎಂಬುದು. ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆ ಇದೆ: "ನನ್ನ ಮುಖದ ಮೇಲಿರುವುದು ನಿಜವಾಗಿ ಏನು?" ಕನ್ನಡಿಯಲ್ಲಿ ನೋಡಿದರೆ ಎಲ್ಲವೂ ಕಲೆಯೇ. ಆದರೆ ಬಂಗು ಬೇರೆ, ಮೊಡವೆ ಬಿಟ್ಟುಹೋದ ಕಪ್ಪು ಬೇರೆ, ಬಿಸಿಲಿನ ಚುಕ್ಕೆ ಬೇರೆ, ಮಚ್ಚೆ ಬೇರೆ. ಒಂದಕ್ಕೆ ಚೆನ್ನಾಗಿ ಕೆಲಸ ಮಾಡುವ ಲೇಸರ್ ಇನ್ನೊಂದನ್ನು ಕೆಡಿಸಿಬಿಡಬಹುದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಲೇಸರ್ ಕಲೆಯನ್ನು ಹೇಗೆ ತೆಗೆಯುತ್ತದೆ?

ಬಿಸಿಲಲ್ಲಿ ಕಪ್ಪು ಬಟ್ಟೆಯನ್ನೂ ಬಿಳಿ ಬಟ್ಟೆಯನ್ನೂ ಪಕ್ಕಪಕ್ಕ ಒಣಹಾಕಿ ಮುಟ್ಟಿ ನೋಡಿ. ಕಪ್ಪು ಬಟ್ಟೆ ಜಾಸ್ತಿ ಕಾದಿರುತ್ತದೆ. ಚರ್ಮದಲ್ಲೂ ಆಗುವುದು ಇದೇ. ಲೇಸರ್ ಅಂದರೆ ಒಂದೇ ಬಣ್ಣದ, ಒಂದೇ ತರಂಗಾಂತರದ ಬೆಳಕು. ಆ ಬಣ್ಣವನ್ನು ಹೀರುವ ವಸ್ತು ಚರ್ಮದಲ್ಲಿ ಎಲ್ಲಿದೆಯೋ ಅಲ್ಲಿ ಬಿಸಿ ಹುಟ್ಟುತ್ತದೆ, ಸುತ್ತಲಿನ ಭಾಗ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಚರ್ಮದಲ್ಲಿ ಬೆಳಕು ಹೀರುವ ಮುಖ್ಯ ವಸ್ತುಗಳು ಮೂರು. ಕಪ್ಪು ಬಣ್ಣ ಕೊಡುವ ಮೆಲನಿನ್, ರಕ್ತದ ಹಿಮೋಗ್ಲೋಬಿನ್, ಮತ್ತು ನೀರು. ಕಂದು ಕಲೆಗೆ ಮೆಲನಿನ್ ಗುರಿ. ಕೆಂಪು ಕಲೆಗೆ ರಕ್ತ ಗುರಿ. ಚರ್ಮದ ಮೇಲ್ಪದರವನ್ನು ಸವೆಸಬೇಕಾದಾಗ ನೀರು ಗುರಿ.

ಬಣ್ಣದಷ್ಟೇ ಮುಖ್ಯವಾದದ್ದು ಸಮಯ. ಬಿಸಿ ಪಾತ್ರೆಯನ್ನು ಚಕ್ಕನೆ ಮುಟ್ಟಿ ಕೈ ತೆಗೆದರೆ ಸುಡುವುದಿಲ್ಲ, ಹಿಡಿದುಕೊಂಡರೆ ಸುಡುತ್ತದೆ ಅಲ್ವಾ? ಬಿಸಿ ಅಕ್ಕಪಕ್ಕಕ್ಕೆ ಹರಡುವುದರೊಳಗೆ ಬೆಳಕು ನಿಂತುಬಿಡಬೇಕು. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಅಮೆರಿಕದ ಭೌತವಿಜ್ಞಾನಿ ಥಿಯೋಡರ್ ಮೈಮನ್ ಅವರ ಮಾಣಿಕ್ಯದ ಹರಳಿನಿಂದ. ಆದರೆ ಸರಿಯಾದ ಬಣ್ಣ ಮತ್ತು ಸರಿಯಾದ ಸಮಯ ಸೇರಿದರೆ ಬೇಕಾದ್ದನ್ನು ಮಾತ್ರ ಸುಡಬಹುದು ಎಂಬ ಸೂತ್ರವನ್ನು ಅಮೆರಿಕದ ಚರ್ಮ ವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಬರೆದದ್ದು 1983ರಲ್ಲಿ. ಇವತ್ತಿನ ಕಲೆ ತೆಗೆಯುವ ಲೇಸರ್‌ಗಳೆಲ್ಲ ಆ ಸೂತ್ರದ ಮೇಲೇ ನಿಂತಿವೆ. ಕ್ಯೂ-ಸ್ವಿಚ್ಡ್ ಲೇಸರ್ ಒಂದು ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಕೆಲವು ಭಾಗಗಳಷ್ಟು ಹೊತ್ತು ಮಾತ್ರ ಮಿಂಚುತ್ತದೆ. ಪಿಕೊ ಲೇಸರ್ ಇನ್ನೂ ಚಿಕ್ಕ ಮಿಂಚು. ಆ ಹೊಡೆತಕ್ಕೆ ಬಣ್ಣದ ಕಣ ಪುಡಿಯಾಗುತ್ತದೆ. ಆ ಪುಡಿಯಲ್ಲಿ ಸ್ವಲ್ಪ ಹಕ್ಕಳೆಯ ಜೊತೆ ಉದುರುತ್ತದೆ, ಉಳಿದದ್ದನ್ನು ಮೈಯೊಳಗಿನ ಜೀವಕೋಶಗಳು ನಿಧಾನವಾಗಿ ಸಾಗಿಸುತ್ತವೆ. ಅದಕ್ಕೇ ಫಲ ಅವತ್ತೇ ಕಾಣುವುದಿಲ್ಲ.

ನನ್ನದು ಕಂದು ಮೈಬಣ್ಣ. ಲೇಸರ್ ಮಾಡಿಸಬಹುದಾ?

ಮಾಡಿಸಬಹುದು. ಆದರೆ ಎಚ್ಚರ ಜಾಸ್ತಿ ಬೇಕು. ಲೇಸರ್‌ಗೆ ಕಲೆಯ ಮೆಲನಿನ್ ಯಾವುದು, ನಿಮ್ಮ ಸಹಜ ಬಣ್ಣದ ಮೆಲನಿನ್ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡೂ ಬೆಳಕನ್ನು ಹೀರುತ್ತವೆ. ಮೈಬಣ್ಣ ಗಾಢವಾದಷ್ಟೂ ಸುತ್ತಲಿನ ಚರ್ಮಕ್ಕೆ ಬಿಸಿ ತಗಲುವ ಸಾಧ್ಯತೆ ಹೆಚ್ಚು.

ಚರ್ಮರೋಗ ವೈದ್ಯರು 1975ರಿಂದ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಳತೆ ಬಳಸುತ್ತಾರೆ. ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂಬುದರ ಮೇಲೆ ಆರು ಬಗೆ. ಒಂದನೆಯದು ತೀರಾ ಬಿಳುಪು, ಆರನೆಯದು ತೀರಾ ಗಾಢ. ಗೋಧಿ ಬಣ್ಣ, ಎಣ್ಣೆಗಪ್ಪು ಎಲ್ಲ ಹೆಚ್ಚಾಗಿ ನಾಲ್ಕು, ಐದರಲ್ಲಿ ಬರುತ್ತವೆ. ಇಂಥ ಚರ್ಮ ಯಾವ ಏಟಿಗೂ ಕಪ್ಪಾಗಿ ಉತ್ತರ ಕೊಡುತ್ತದೆ. ಸೊಳ್ಳೆ ಕಚ್ಚಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದಾ? ಹಾಗಿದ್ದರೆ ಲೇಸರ್ ಬಿದ್ದ ಜಾಗವೂ ಹಾಗೇ ಕಪ್ಪಾಗಬಹುದು. ಇದನ್ನು ವೈದ್ಯರಿಗೆ ಮೊದಲೇ ಹೇಳಿ. ತುಂಬಾ ಉಪಯೋಗದ ಸುಳಿವು ಅದು.

ತರಂಗಾಂತರ ಉದ್ದವಾದಷ್ಟೂ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಕಂದು ಚರ್ಮಕ್ಕೆ 1064 ನ್ಯಾನೋಮೀಟರಿನಷ್ಟು ಉದ್ದ ತರಂಗಾಂತರದ ಎನ್‌ಡಿ-ಯಾಗ್ ಲೇಸರನ್ನು ಹೆಚ್ಚು ನೆಚ್ಚುವುದು ಇದಕ್ಕೇ. ಅದರ ಜೊತೆಗೆ ಕಡಿಮೆ ಶಕ್ತಿ, ಸಿಟಿಂಗ್‌ಗಳ ನಡುವೆ ಹೆಚ್ಚು ಅಂತರ, ಮತ್ತು ಮೊದಲು ಒಂದು ಸಣ್ಣ ಜಾಗದಲ್ಲಿ ಟೆಸ್ಟ್ ಪ್ಯಾಚ್. ಪ್ಯಾಚ್ ಮಾಡಿ ಮಾರನೇ ದಿನವೇ "ಏನೂ ಆಗಿಲ್ಲ, ಮುಂದುವರಿಸೋಣ" ಎಂದರೆ ಒಪ್ಪಬೇಡಿ. ಕಪ್ಪಾಗುವುದು ಗೊತ್ತಾಗಲು ಕೆಲವು ವಾರ ಬೇಕು.

ಬಂಗಿಗೆ ಲೇಸರ್ ಮಾಡಿಸಿದರೆ ಹೋಗುತ್ತದಾ?

ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಬಂಗು ಚರ್ಮದ ಮೇಲೆ ಕೂತ ಕೊಳೆಯಲ್ಲ, ಒರೆಸಿ ತೆಗೆಯಲು ಆಗುವುದಿಲ್ಲ. ಅಲ್ಲಿನ ಬಣ್ಣ ತಯಾರಿಸುವ ಕೋಶಗಳೇ ಕೆರಳಿ ಕೂತಿರುತ್ತವೆ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಒಲೆ ಮುಂದಿನ ಬಿಸಿ, ಇವೆಲ್ಲ ಅವನ್ನು ಕೆರಳಿಸುತ್ತವೆ. ಲೇಸರ್ ತಯಾರಾದ ಬಣ್ಣವನ್ನು ಒಡೆಯಬಹುದು, ತಯಾರಿಸುವ ಕೆರಳಿಕೆಯನ್ನು ನಿಲ್ಲಿಸುವುದಿಲ್ಲ. ಲೇಸರ್‌ನ ಬಿಸಿಯೇ ಆ ಕೋಶಗಳನ್ನು ಇನ್ನಷ್ಟು ಕೆರಳಿಸಬಹುದು. ಮೊದಲ ಒಂದೆರಡು ತಿಂಗಳು ಮುಖ ತಿಳಿಯಾಗಿ, ಆಮೇಲೆ ಮೊದಲಿಗಿಂತ ಗಾಢವಾಗಿ ಬಂಗು ಮರಳಿದವರು ಎಷ್ಟೋ ಜನ ಇದ್ದಾರೆ. ದುಡ್ಡೂ ಹೋಗಿ ಮುಖವೂ ಕೆಟ್ಟಿತು ಎಂದು ಅವರು ಅಳುವುದನ್ನು ಕೇಳಿದರೆ ಸಂಕಟವಾಗುತ್ತದೆ. ಯಾಕೆಂದರೆ ಅದು ತಪ್ಪಿಸಬಹುದಾಗಿದ್ದ ನೋವು.

ಬಂಗಿಗೆ ಮೊದಲ ಚಿಕಿತ್ಸೆ ಸನ್‌ಸ್ಕ್ರೀನ್. ಅದೂ ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಒಳ್ಳೆಯದು. ಬಂಗನ್ನು ಕೆರಳಿಸುವುದು ಬಿಸಿಲಿನ ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಆಮೇಲೆ ಹಚ್ಚುವ ಔಷಧಿಗಳು: ಹೈಡ್ರೋಕ್ವಿನೋನ್, ಅಜೆಲಾಯಿಕ್ ಆಸಿಡ್, ಮೂರು ಔಷಧಿ ಸೇರಿದ ಕ್ರೀಮ್. ಕೆಲವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಆ ಮಾತ್ರೆ ಆಗಿಬರುವುದಿಲ್ಲ, ಮರೆಯದೆ ಹೇಳಿ. ಇವೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇಷ್ಟಾದ ಮೇಲೂ ಉಳಿದ ಬಂಗಿಗೆ, ಅನುಭವಿ ವೈದ್ಯರು, ಕಡಿಮೆ ಶಕ್ತಿಯ ಲೇಸರನ್ನು ಔಷಧಿಯ ಜೊತೆಗೆ ಪ್ರಯತ್ನಿಸಬಹುದು. ಅದಕ್ಕೆ ಲೇಸರ್ ಟೋನಿಂಗ್ ಎನ್ನುತ್ತಾರೆ. ಅದನ್ನು ಪದೇ ಪದೇ ಮಾಡಿಸಿದರೆ ಮುಖದ ಮೇಲೆ ಅಕ್ಷತೆ ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು ಬರಬಹುದು. ಅವು ಹೋಗುವುದು ಬಹಳ ಕಷ್ಟ. ಬಂಗು ಶಾಶ್ವತವಾಗಿ ಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ವಿಷಯ. ಚೀಟಿಯಿಲ್ಲದೆ ಅಂಗಡಿಯಿಂದ ತಂದ "ಬೆಳ್ಳಗಾಗುವ" ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದ್ದರೆ ಮುಚ್ಚಿಡಬೇಡಿ. ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದರಿಂದ ಚರ್ಮ ತೆಳ್ಳಗಾಗಿರುತ್ತದೆ. ಅಂಥ ಚರ್ಮದ ಮೇಲೆ ಲೇಸರ್ ಹಾಕುವುದು ಅಪಾಯ. ವೈದ್ಯರು ನಿಮ್ಮನ್ನು ಬೈಯಲಿಕ್ಕೆ ಇದನ್ನು ಕೇಳುವುದಲ್ಲ.

ಬಿಸಿಲಿನ ಚುಕ್ಕೆ, ಎಳೆತನದಿಂದ ಇರುವ ಕಂದು ಚುಕ್ಕೆಗಳಿಗೆ?

ಲೇಸರ್ ಚೆನ್ನಾಗಿ ಕೆಲಸ ಮಾಡುವುದು ಇಲ್ಲಿ. ಬಣ್ಣ ಮೇಲ್ಪದರದಲ್ಲೇ ಇರುವುದರಿಂದ ಸಾಮಾನ್ಯವಾಗಿ ಒಂದರಿಂದ ಮೂರು ಸಿಟಿಂಗ್ ಸಾಕು. ಬಿಸಿಲಿಗೆ ಮತ್ತೆ ಒಡ್ಡಿಕೊಂಡರೆ ಹೊಸ ಚುಕ್ಕೆ ಬರುತ್ತದೆ, ಅಷ್ಟೇ.

ಮೊಡವೆ ಕಲೆಗೆ ಯಾವ ಲೇಸರ್ ಒಳ್ಳೆಯದು?

ಬೆರಳ ತುದಿಯಿಂದ ಕೆನ್ನೆ ಸವರಿ ನೋಡಿ. ನುಣ್ಣಗಿದ್ದು ಬಣ್ಣ ಮಾತ್ರ ಕಪ್ಪಾಗಿದ್ದರೆ ಅದು ಉರಿಯೂತ ಬಿಟ್ಟುಹೋದ ಕಪ್ಪು. ತಗ್ಗು ಸಿಕ್ಕಿದರೆ ಅದು ಗುಳಿ. ಎರಡಕ್ಕೂ ಒಂದೇ ಮದ್ದು ಅಲ್ಲ.

ಕಪ್ಪು ಕಲೆ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಸನ್‌ಸ್ಕ್ರೀನ್ ಮತ್ತು ಕ್ರೀಮ್ ಅದನ್ನು ಬೇಗ ಮಾಡಿಸುತ್ತವೆ. ಅದಕ್ಕೆ ಲೇಸರ್ ಬೇಕಾಗುವುದು ಅಪರೂಪ. ಗುಳಿಗೆ ಮಾತ್ರ ಕ್ರೀಮ್ ಸಾಲದು. ಅಲ್ಲಿ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಒಳನಾರು ಹಾಳಾಗಿರುತ್ತದೆ, ಅದನ್ನು ಮತ್ತೆ ಕಟ್ಟಿಸಬೇಕು.

ಇದಕ್ಕೆ ಫ್ರಾಕ್ಷನಲ್ ಲೇಸರ್ ಬಳಸುತ್ತಾರೆ. ಮೊದಲೆಲ್ಲ ಇಡೀ ಮೇಲ್ಪದರವನ್ನೇ ಸುಟ್ಟು ತೆಗೆಯುತ್ತಿದ್ದರು. ಗಾಯ ಮಾಯಲು ವಾರಗಟ್ಟಲೆ ಬೇಕಿತ್ತು, ಕಂದು ಚರ್ಮಕ್ಕೆ ಅದು ಆಗಿಬರುತ್ತಲೇ ಇರಲಿಲ್ಲ. 2004ರಲ್ಲಿ ಹೊಸ ದಾರಿ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ತೂತುಗಳನ್ನು ಮಾಡಿ, ನಡುವೆ ಒಳ್ಳೆಯ ಚರ್ಮವನ್ನು ಹಾಗೇ ಬಿಡುವುದು. ಆ ಒಳ್ಳೆಯ ಚರ್ಮವೇ ಪಕ್ಕದ ಗಾಯವನ್ನು ಬೇಗ ಮಾಯಿಸುತ್ತದೆ, ಮಾಯುವಾಗ ಹೊಸ ಕೊಲಾಜೆನ್ ಹುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಹೆಚ್ಚು ಆಳ, ಹೆಚ್ಚು ಫಲ, ಹೆಚ್ಚು ದಿನ ಕೆಂಪು. ಎರ್ಬಿಯಮ್ ಗ್ಲಾಸ್ ಮೃದು, ಆದರೆ ಸಿಟಿಂಗ್ ಜಾಸ್ತಿ.

ಗುಳಿಯ ಆಕಾರವೂ ಮುಖ್ಯ. ಸೂಜಿ ಚುಚ್ಚಿದ ಹಾಗೆ ಕಿರಿದಾಗಿ ಆಳವಾದ ಗುಳಿಗೆ ಲೇಸರ್ ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೆ ಟಿಸಿಎ ಆಸಿಡ್ ಚುಕ್ಕೆಯಿಡುವುದು ಅಥವಾ ಆ ಗುಳಿಯನ್ನೇ ಸಣ್ಣದಾಗಿ ಕತ್ತರಿಸಿ ತೆಗೆಯುವುದು ಉತ್ತಮ. ಅಗಲವಾಗಿ ಅಲೆಅಲೆಯಾದ ತಗ್ಗುಗಳನ್ನು ಕೆಳಗಿನಿಂದ ನಾರುಗಳು ಎಳೆದು ಹಿಡಿದಿರುತ್ತವೆ. ಸೂಜಿಯಿಂದ ಆ ನಾರು ಕತ್ತರಿಸಿದರೆ ಮಾತ್ರ ಅವು ಮೇಲೇಳುತ್ತವೆ, ಇದಕ್ಕೆ ಸಬ್‌ಸಿಷನ್ ಎನ್ನುತ್ತಾರೆ. ಅಂಚು ಎದ್ದುಕಾಣುವ, ಹೆಚ್ಚು ಆಳವಿಲ್ಲದ ಗುಳಿಗಳಿಗೆ ಲೇಸರ್ ಚೆನ್ನಾಗಿ ಒಪ್ಪುತ್ತದೆ. ಹೆಚ್ಚಿನವರ ಮುಖದಲ್ಲಿ ಮೂರೂ ಬೆರೆತಿರುತ್ತವೆ. ಹಾಗಾಗಿ ಒಂದೇ ಯಂತ್ರದಿಂದ ಎಲ್ಲ ಸರಿಮಾಡುತ್ತೇವೆ ಎನ್ನುವ ಮಾತನ್ನು ನಂಬಬೇಡಿ.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು? ಗುಳಿ ತುಂಬಿ ಬರುತ್ತದೆ, ಆದರೆ ಪೂರ್ತಿ ಅಳಿಯುವುದಿಲ್ಲ. ಕೊನೆಯ ಸಿಟಿಂಗ್ ಆಗಿ ಮೂರರಿಂದ ಆರು ತಿಂಗಳ ಮೇಲೆ ನಿಜವಾದ ಫಲ ಕಾಣುತ್ತದೆ. ಇನ್ನೂ ಹೊಸ ಮೊಡವೆ ಏಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಒಂದು ಕಡೆ ತಗ್ಗು ತುಂಬಿಸುತ್ತಾ ಇನ್ನೊಂದು ಕಡೆ ಹೊಸದು ಬೀಳುತ್ತಿದ್ದರೆ ಏನು ಬಂತು?

ಮಚ್ಚೆ ತೆಗೆಸಬಹುದಾ?

ಅದು ನಿರಪಾಯದ ಮಚ್ಚೆ ಎಂದು ಚರ್ಮ ವೈದ್ಯರು ಡರ್ಮೋಸ್ಕೋಪ್ ಎಂಬ, ಚರ್ಮವನ್ನು ದೊಡ್ಡದಾಗಿ ತೋರಿಸುವ ದೀಪದ ಮಸೂರದಲ್ಲಿ ನೋಡಿ ಹೇಳಿದ ಮೇಲೆ ತೆಗೆಸಬಹುದು. ಅದಕ್ಕೂ ಮುಂಚೆ ಬೇಡ. ಯಾಕೆಂದರೆ ಲೇಸರ್ ಮಚ್ಚೆಯನ್ನು ಆವಿ ಮಾಡಿಬಿಡುತ್ತದೆ, ಪ್ರಯೋಗಾಲಯಕ್ಕೆ ಕಳಿಸಲು ತುಣುಕೇ ಉಳಿಯುವುದಿಲ್ಲ. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿದ್ದರೆ, ಮೇಲಿನದು ಹೋಗಿ ಒಳಗೆ ಸದ್ದಿಲ್ಲದೆ ಬೆಳೆಯುತ್ತದೆ.

ಮಚ್ಚೆಯ ಎರಡು ಅರ್ಧಗಳು ಒಂದೇ ತರ ಇಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದಕ್ಕಿಂತ ಹೆಚ್ಚು ಬಣ್ಣವಿದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಇತ್ತೀಚೆಗೆ ಬದಲಾಗುತ್ತಿದ್ದರೆ, ತುರಿಕೆಯಿದ್ದರೆ, ರಕ್ತ ಬರುತ್ತಿದ್ದರೆ ತಡಮಾಡಬೇಡಿ. ಕಂದು ಮೈಬಣ್ಣದವರಿಗೆ ಮೆಲನೋಮಾ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಮೆಲನೋಮಾದಿಂದಲೇ. ಅಂಥ ಜಾಗದ ಹೊಸ ಕಪ್ಪು ಗೆರೆ, ಚುಕ್ಕೆಯನ್ನು ಸುಮ್ನೆ ಬಿಡಬೇಡಿ.

ಉಬ್ಬಿದ ಮಚ್ಚೆಯನ್ನು ಎಷ್ಟೋ ಸಲ ಬ್ಲೇಡಿನಿಂದ ತೆಳ್ಳಗೆ ಕೆರೆದು ತೆಗೆಯುವುದೇ ಒಳ್ಳೆಯದು. ಸಣ್ಣ ಕೆಲಸ, ತುಣುಕೂ ಪರೀಕ್ಷೆಗೆ ಸಿಗುತ್ತದೆ.

ನರಹುಲಿ, ಕತ್ತಿನ ಜೋತಾಡುವ ಗಂಟು, ಕೆನ್ನೆಯ ಸಣ್ಣ ಕಪ್ಪು ಗುಳ್ಳೆಗಳು?

ಮೂರಕ್ಕೂ ಲೇಸರ್ ಆಗುತ್ತದೆ, ಮೂರಕ್ಕೂ ಅದು ಅನಿವಾರ್ಯವಲ್ಲ. ವಿದ್ಯುತ್ ಸೂಜಿಯಿಂದ ಸುಡುವ ಸರಳ ವಿಧಾನವೇ ಸಾಕಾಗುತ್ತದೆ. ನರಹುಲಿ ವೈರಸ್‌ನಿಂದ ಬರುವುದರಿಂದ ಯಾವ ವಿಧಾನದಲ್ಲಿ ತೆಗೆದರೂ ಮರಳಿ ಬರಬಹುದು. ಅದರ ಮೇಲೆ ಶೇವ್ ಮಾಡಿದರೆ ಸಾಲಾಗಿ ಹರಡುತ್ತದೆ.

ಮಗುವಿನ ಹುಟ್ಟುಮಚ್ಚೆಗೆ ದೊಡ್ಡವರಾಗುವ ತನಕ ಕಾಯಬೇಕಾ?

ಕೆಲವಕ್ಕೆ ಕಾಯಬೇಕು, ಕೆಲವಕ್ಕೆ ಕಾಯಲೇಬಾರದು. ಹುಟ್ಟಿನಿಂದಲೇ ಚಪ್ಪಟೆಯಾಗಿ, ದ್ರಾಕ್ಷಾರಸ ಚೆಲ್ಲಿದಂತೆ ಕೆಂಪಾಗಿರುವ ಕಲೆ ತಾನಾಗಿ ಹೋಗುವುದಿಲ್ಲ. ಮಗುವಿನ ಜೊತೆ ಬೆಳೆಯುತ್ತದೆ, ವಯಸ್ಸಾದಂತೆ ದಪ್ಪಗಾಗುತ್ತದೆ. ಅದಕ್ಕೆ 595 ನ್ಯಾನೋಮೀಟರಿನ ಪಲ್ಸ್ಡ್ ಡೈ ಲೇಸರ್ ಇದೆ, ಎಳೆವಯಸ್ಸಿನಲ್ಲೇ ಶುರುಮಾಡಿದರೆ ಫಲ ಹೆಚ್ಚು. ಆ ಕಲೆ ಹಣೆ, ಕಣ್ರೆಪ್ಪೆಯ ಮೇಲಿದ್ದರೆ ಕಣ್ಣು ಮತ್ತು ಮೆದುಳಿನ ತಪಾಸಣೆಯೂ ಆಗಬೇಕು.

ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿಕೊಂಡು ಬೇಗ ಬೇಗ ಉಬ್ಬುವ ಕೆಂಪು ಗಡ್ಡೆ ಬೇರೆ ಜಾತಿಯದು. ಅದು ಕೆಲವು ತಿಂಗಳು ಬೆಳೆದು, ಆಮೇಲೆ ವರ್ಷಗಳಲ್ಲಿ ಕುಗ್ಗುತ್ತದೆ. ಆದರೆ ಕಣ್ಣು, ಮೂಗು, ಬಾಯಿಯ ಹತ್ತಿರ ಇದ್ದರೆ ಕೂಡಲೇ ತೋರಿಸಿ. ಅದಕ್ಕೆ ಈಗ ಮೊದಲ ಮದ್ದು ಪ್ರೊಪ್ರಾನೊಲಾಲ್ ಎಂಬ ಔಷಧಿ, ಲೇಸರ್ ಅಲ್ಲ. ಹಾಲು ಬೆರೆತ ಕಾಫಿ ಬಣ್ಣದ ಚಪ್ಪಟೆ ಮಚ್ಚೆಗಳು ಲೇಸರ್ ಮಾಡಿದರೂ ಮರಳುವುದು ಹೆಚ್ಚು. ಮಗುವಿನ ಮೈಮೇಲೆ ಅಂಥವು ಆರು ಅಥವಾ ಹೆಚ್ಚಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮುಖದ ಒಂದು ಬದಿಗೆ, ಕಣ್ಣಿನ ಸುತ್ತ ನೀಲಿ-ಬೂದು ಬಣ್ಣದ ಓಟಾ ಮಚ್ಚೆ ಇರುತ್ತದಲ್ಲ, ಅದಕ್ಕೆ ಕ್ಯೂ-ಸ್ವಿಚ್ಡ್ ಲೇಸರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಟಿಂಗ್ ಹಲವು ಬೇಕು, ಆದರೆ ಹೋದದ್ದು ಸಾಮಾನ್ಯವಾಗಿ ಹೋಗಿಯೇಬಿಡುತ್ತದೆ.

ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿ ಒರಟಾಗಿದೆ. ಲೇಸರ್?

ಮೊದಲು ಸಕ್ಕರೆ ಪರೀಕ್ಷೆ. ಈ ಕಪ್ಪು ಹೆಚ್ಚಾಗಿ ತೂಕ ಮತ್ತು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ತೂಕ ಇಳಿದರೆ ಅದೂ ಇಳಿಯುತ್ತದೆ.

ತೊನ್ನಿಗೆ ಲೇಸರ್ ಇದೆಯಂತೆ, ನಿಜವಾ?

ಇದೆ, ಆದರೆ ಅದು ಬಣ್ಣ ತೆಗೆಯುವುದಲ್ಲ, ಬಣ್ಣ ಮರಳಿಸುವುದು. 308 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್. ತೊನ್ನು ಇರುವವರು ಬೇರೆ ಕಲೆಗೆ ಲೇಸರ್ ಮಾಡಿಸುವ ಮುಂಚೆ ಹೇಳಲೇಬೇಕು. ಗಾಯವಾದ ಜಾಗದಲ್ಲಿ ಹೊಸ ತೊನ್ನು ಹುಟ್ಟಬಹುದು.

ಲೇಸರ್‌ನಿಂದ ಬೆಳ್ಳಗಾಗಬಹುದಾ?

ಇಲ್ಲ. ನಿಮ್ಮ ಮೈಬಣ್ಣ ನಿಮ್ಮ ವಂಶವಾಹಿಯಲ್ಲಿದೆ, ಯಾವ ಲೇಸರೂ ಅದನ್ನು ಶಾಶ್ವತವಾಗಿ ಬದಲಿಸುವುದಿಲ್ಲ. ಆ ಕಪ್ಪೇ ನಿಮ್ಮನ್ನು ಬಿಸಿಲಿನಿಂದ, ಚರ್ಮದ ಕ್ಯಾನ್ಸರಿನಿಂದ ಕಾಯುತ್ತಿದೆ. ಮದುವೆಗೆ ಮುಂಚೆ ಮಗಳ ಬಣ್ಣ ತಿಳಿ ಮಾಡಿಕೊಡಿ ಎಂದು ಕೇಳುವ ತಾಯಂದಿರಿಗೆ ಕೈಮುಗಿದು ಹೇಳುವುದು ಒಂದೇ: ಆ ಹುಡುಗಿಯ ಚರ್ಮಕ್ಕೆ ಯಾವ ಕಾಯಿಲೆಯೂ ಇಲ್ಲ.

ನೋವಾಗುತ್ತದಾ?

ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರ್ ಎನ್ನುತ್ತದೆ. ಗುಳಿಗೆ ಮಾಡುವ ಲೇಸರ್ ಇದಕ್ಕಿಂತ ಜೋರು, ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ. ಈ ಕ್ರೀಮನ್ನು ಮನೆಯಲ್ಲೇ ಮೈತುಂಬಾ ಬಳಿದುಕೊಂಡು ಪ್ಲಾಸ್ಟಿಕ್ ಸುತ್ತಿಕೊಳ್ಳಬೇಡಿ. ಅದರ ಲಿಡೋಕೇನ್ ಜಾಸ್ತಿ ರಕ್ತಕ್ಕೆ ಸೇರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು.

ಲೇಸರ್‌ನಿಂದ ಕ್ಯಾನ್ಸರ್ ಬರುತ್ತದಾ?

ಕಲೆ ತೆಗೆಯುವ ಲೇಸರ್ ಎಕ್ಸ್-ರೇ ತರದ ವಿಕಿರಣ ಅಲ್ಲ, ಬೆಳಕು ಮತ್ತು ಬಿಸಿ ಅಷ್ಟೇ. ಅದರಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಭಯಪಡಬೇಕಾದ್ದು ಕಣ್ಣಿನ ಬಗ್ಗೆ. ಒಂದು ಮಿಂಚು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಆ ಲೇಸರ್‌ನ ತರಂಗಾಂತರಕ್ಕೇ ಮಾಡಿದ ಕನ್ನಡಕ ನಿಮಗೂ ಬೇಕು, ಮಾಡುವವರಿಗೂ ಬೇಕು. ಹತ್ತಿ ಇಟ್ಟು ಕಣ್ಣು ಮುಚ್ಚಿಕೊಳ್ಳಿ ಎಂದರೆ ಸಾಲದು.

ಮಾಡಿಸುವ ಮುಂಚೆ ಏನು ಹೇಳಬೇಕು, ಏನು ಬಿಡಬೇಕು?

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಹೇಳಿ. ಮೊಡವೆಯ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ ಆರು ತಿಂಗಳು ಕಾಯಬೇಕು ಎಂಬ ಹಳೆಯ ನಿಯಮ ಕೆಲವು ಲೇಸರ್‌ಗಳಿಗೆ ಈಗ ಸಡಿಲವಾಗಿದೆ, ನಿರ್ಧಾರ ವೈದ್ಯರದ್ದು. ಕೀಲುನೋವಿಗೆ ಎಂದಾದರೂ ಚಿನ್ನದ ಲವಣದ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮರೆಯದೆ ಹೇಳಿ. ಕ್ಯೂ-ಸ್ವಿಚ್ಡ್ ಲೇಸರ್ ಬಿದ್ದ ಜಾಗ ನೀಲಿ-ಬೂದು ಆಗಿಬಿಡುತ್ತದೆ, ಎಷ್ಟೋ ವರ್ಷ ಕಳೆದಿದ್ದರೂ. ಗಾಯ ಮಾಯುವಾಗ ಗಂಟು ಕಟ್ಟುವ ಗುಣ, ಬಾಯಿಯ ಸುತ್ತ ಪದೇ ಪದೇ ಏಳುವ ನೀರುಗುಳ್ಳೆ, ಇವನ್ನೂ ಹೇಳಿ. ನೀರುಗುಳ್ಳೆ ಏಳುವವರಿಗೆ ಲೇಸರ್‌ಗೆ ಮುಂಚೆಯೇ ವೈರಸ್ ತಡೆಯುವ ಮಾತ್ರೆ ಕೊಡುತ್ತಾರೆ. ಬಿಸಿಲಲ್ಲಿ ಅಲೆದು ಮುಖ ಕಪ್ಪಾಗಿದ್ದರೆ ದಿನ ಮುಂದೂಡಿ.

ಗರ್ಭಿಣಿಯರು ಹೆರಿಗೆ ಆಗುವ ತನಕ ತಡೆಯಿರಿ. ಬಸಿರಿನಲ್ಲಿ ಬಂದ ಎಷ್ಟೋ ಕಪ್ಪು ಆಮೇಲೆ ತಾನಾಗಿ ತಿಳಿಯಾಗುತ್ತದೆ.

ಆದ ಮೇಲೆ ಮುಖವನ್ನು ಹೇಗೆ ನೋಡಿಕೊಳ್ಳಬೇಕು?

ಕಂದು ಚುಕ್ಕೆಗೆ ಮಾಡಿಸಿದ್ದರೆ ಆ ಜಾಗ ಮೊದಲು ಬೆಳ್ಳಗೆ ನೊರೆಗಟ್ಟಿದಂತಾಗಿ, ಆಮೇಲೆ ಗಾಢವಾಗಿ, ವಾರ-ಹತ್ತು ದಿನಕ್ಕೆ ಹಕ್ಕಳೆ ಉದುರುತ್ತದೆ. ಕೀಳಬೇಡಿ. ಕಿತ್ತರೆ ಕಲೆ ಹೊಸದಾಗಿ ಶುರು. ಮೃದುವಾದ ಸೋಪಿನಲ್ಲಿ ತೊಳೆದು, ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಹಚ್ಚಿ. ಅರಿಶಿನ, ನಿಂಬೆರಸ, ಟೂತ್‌ಪೇಸ್ಟ್ ಯಾವುದೂ ಬೇಡ. ಮಾದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ತೆಗೆದು ಮುಖಕ್ಕೂ ಕತ್ತಿಗೂ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಎಲ್ಲಿ ಮಾಡಿಸಲಿ?

ಯಂತ್ರ ಎಷ್ಟು ದುಬಾರಿ ಎಂಬುದಕ್ಕಿಂತ ಅದನ್ನು ಹಿಡಿದ ಕೈ ಯಾರದ್ದು ಎಂಬುದು ಮುಖ್ಯ. ಮೂರು ಪ್ರಶ್ನೆ ಕೇಳಿ: ನನ್ನ ಕಲೆಯ ಹೆಸರೇನು, ಯಾವ ಲೇಸರ್ ಬಳಸುತ್ತೀರಿ, ನನ್ನ ತರದ ಮೈಬಣ್ಣದವರಿಗೆ ಮಾಡಿದ ಫೋಟೋ ಇದೆಯಾ. ಐಪಿಎಲ್ ಯಂತ್ರವನ್ನು ಲೇಸರ್ ಎಂದು ಕರೆಯುವ ಕಡೆ ಹುಷಾರಾಗಿರಿ. ಅದು ಹಲವು ಬಣ್ಣ ಬೆರೆತ ಬೆಳಕು, ಗಾಢ ಚರ್ಮವನ್ನು ಸುಡುವುದು ಸುಲಭ. "ಇವತ್ತೇ ದುಡ್ಡು ಕಟ್ಟಿದರೆ ಆರು ಸಿಟಿಂಗ್ ಪ್ಯಾಕೇಜ್" ಎಂದರೆ ಮನೆಗೆ ಹೋಗಿ ಯೋಚಿಸಿ. ಕಲೆ ಎಲ್ಲೂ ಓಡಿಹೋಗುವುದಿಲ್ಲ.

ಮಾಡಿಸಿದ ಮೇಲೆ ಮುಖ ಇನ್ನೂ ಕಪ್ಪಾಯಿತು. ಈಗ ಏನು ಮಾಡಲಿ?

ಮೊದಲನೆಯದಾಗಿ, ಇನ್ನೊಂದು ಸಿಟಿಂಗ್ ಮಾಡಿಸಬೇಡಿ. ಕಪ್ಪಾದದ್ದು ಹೆಚ್ಚಿನ ಸಲ ಶಾಶ್ವತವಲ್ಲ. ಬಿಸಿಲು ತಪ್ಪಿಸಿ ಸರಿಯಾದ ಕ್ರೀಮ್ ಹಚ್ಚಿದರೆ ತಿಂಗಳುಗಳಲ್ಲಿ ಇಳಿಯುತ್ತದೆ. ಮಾಡಿಸಿದ ದಿನಾಂಕ, ಲೇಸರ್‌ನ ಹೆಸರು, ಕೊಟ್ಟ ಶಕ್ತಿಯ ಅಳತೆಯನ್ನು ಬರೆಸಿಕೊಂಡು ಚರ್ಮ ವೈದ್ಯರ ಹತ್ತಿರ ಹೋಗಿ. ಆ ದಾಖಲೆ ಕೇಳುವುದು ನಿಮ್ಮ ಹಕ್ಕು. ಬೊಕ್ಕೆ ಎದ್ದಿದ್ದರೆ, ಕೀವು, ಜ್ವರ ಇದ್ದರೆ, ಅಥವಾ ನೋವು ದಿನದಿನಕ್ಕೆ ಹೆಚ್ಚುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಅವತ್ತೇ ತೋರಿಸಿ.